ಅಂಗಳದ ದಾಸವಾಳ

ಸತ್ಯನಾರಾಯಣಪೇಟೆ, ಬಳ್ಳಾರಿ

ಮನೆ ಮಾಲೀಕರಾದ ಹಸನಸಾಬರಿಗೆ ನಮಸ್ಕಾರ.

ಅದೇ, ನಿನ್ನೆ ಫೋನು ಕಟ್ಟಾಯಿತಲ್ಲ, ಆ ದಾಸವಾಳದ ಮಾತು. “ಅದು ಸತ್ತೈತಿ ಬಿಡ್ರಿ ಸಾರ್, ಕಿತ್ತಾಕಿ ಸಿಮೆಂಟ್ ಹಾಕಿಸ್ತೀನಿ” ಎಂದಿರಿ. ನಮ್ಮ ಮನೆಯಾಕೆಯ ದಿನಕರ್ಮ ಮುಗಿಸಿ ನಾನು ಕುರುಗೋಡಿನಿಂದ ಬರುವವರೆಗೆ ಈ ಬಿಸಿಲಲ್ಲಿ ಅದಕ್ಕೆ ನೀರಿರಲಿಲ್ಲ, ಅಷ್ಟೇ. ಉಗುರಿನಿಂದ ತೊಗಟೆ ಕೆರೆದು ನೋಡಿದೆ, ಒಳಗೆ ಹಸಿರಿದೆ. ಡೆಡ್ ಅಲ್ಲ, ಡಾರ್ಮೆಂಟೋ ಏನೋ, ಅಂದರೆ ಸಾಯದೆ ಮಲಗಿರೋದು, ಅಂತ ಕಾಲೇಜಿನ ಬಾಟನಿಯಲ್ಲಿತ್ತು. ಸುಟ್ಟ ಎಲೆಗಳನ್ನು ಕತ್ತರಿಸಿಲ್ಲ. ಸದ್ಯ ಕಾಂಡಕ್ಕೆ ಅವೇ ನೆರಳು. ನೀವು ಸಿರುಗುಪ್ಪದಿಂದ ಬರುವಾಗ ಒಂದಿಷ್ಟು ಭತ್ತದ ಹುಲ್ಲು ತಂದರೆ ಬುಡಕ್ಕೆ ಹೊದಿಸುತ್ತೇನೆ. ಒಂದು ಮಳೆ ಆಗಲಿ. ಆಮೇಲೂ ಚಿಗುರದಿದ್ದರೆ ನಾನೇ ಕೀಳುತ್ತೇನೆ.

ಬೆಳಕು ಹೋಗುತ್ತಿದೆ. ಗಿಡಕ್ಕೆ ನೀರು ಹಾಕುವ ಹೊತ್ತು. ಕೂಗಿ ಹೇಳುವವರಿಲ್ಲ, ನಾನೇ ಏಳಬೇಕು.

ನಿಮ್ಮ ಬಾಡಿಗೆದಾರ,
ವಿರೂಪಾಕ್ಷಿ