ಒಡೆಯದ ಹನ್ನೊಂದು ಲಕೋಟೆಗಳು

ಒಂಬತ್ತನೆಯ ತಾರೀಖು, ಸೋಮವಾರ
ಬೆಳಗ್ಗೆ ಹನ್ನೊಂದು ಗಂಟೆ

ಮಗನೇ,

ನೀನು ಚೆನ್ನಾಗಿರುವೆಯೆಂದು ನಂಬಿಕೊಂಡೇ ಬರೆಯುತ್ತಿದ್ದೇನೆ. ಬೇರೆಯ ನಂಬಿಕೆ ಇಟ್ಟುಕೊಂಡು ಬರೆಯಲು ನನ್ನಿಂದಾಗದು. ಮೂರು ವಾರ ಕಾಗದ ಹಾಕದೆ ನಿನ್ನನ್ನು ಕಾಯಿಸಿದ್ದಕ್ಕೆ ಮನ್ನಿಸು. ಕೈ ನಡುಗುತ್ತದೆ, ಕೆಲಸ ಹೆಚ್ಚಾಗಿದೆ ಎಂದು ಎರಡು ಬಾರಿ ಬರೆದೆ, ಎರಡು ಬಾರಿಯೂ ಹರಿದುಹಾಕಿದೆ. ಕೈ ನಡುಗುವುದು ನಿಜ. ಆದರೆ ತಡವಾದದ್ದಕ್ಕೆ ಕಾರಣ ಅದಲ್ಲ.

ಗ್ರಂಥಾಲಯದವರು ನೂರಿಪ್ಪತ್ತು ಹಳೆಯ ಪುಸ್ತಕಗಳನ್ನು ರಟ್ಟು ಕಟ್ಟಲು ಕೊಟ್ಟಿದ್ದಾರೆ. ನಡುಮನೆಯ ತುಂಬ ಅಂಟಿನ ವಾಸನೆ. ನಿನ್ನ ಮಗಳು ಶಾಲೆಯಿಂದ ಬಂದವಳೇ ಕಳಚಿದ ಹಾಳೆಗಳನ್ನು ಜೋಡಿಸಿ ಹೊಲಿಯಲು ಕೂರುತ್ತಾಳೆ. ಎಂಟು ವರ್ಷದ ಆ ಬೆರಳುಗಳು ಸೂಜಿ ಹಿಡಿಯುವ ಪರಿಯನ್ನು ಕಂಡರೆ ನನ್ನ ಐವತ್ತು ವರ್ಷದ ಕಸುಬಿಗೆ ನಾಚಿಕೆಯಾಗುತ್ತದೆ. ಬಿದ್ದಿದ್ದ ಮುಂದಿನ ಹಲ್ಲುಗಳ ಜಾಗದಲ್ಲಿ ಹೊಸವು ಬಂದಿವೆ. ನೀನು ಬಲ್ಲ ನಗು ಈಗ ಅವಳ ಮುಖದಲ್ಲಿಲ್ಲ. ಹೊಸದನ್ನು ನೀನಿನ್ನೂ ಕಂಡಿಲ್ಲ.

ಸೆರೆಮನೆಯ ಹೆಬ್ಬಾಗಿಲ ಬಳಿಯ ಕಾಯುವ ಕೋಣೆಯಲ್ಲಿ ಬಂದಿಗಳ ಮಕ್ಕಳಿಗಾಗಿ ಚಾಪೆ ಹಾಸಿ, ಬಣ್ಣದ ಕಡ್ಡಿಗಳನ್ನು ಹರಡಿಕೊಂಡು ಕೂರುವ ಹೆಣ್ಣುಮಗಳ ವಿಷಯ ಹಿಂದೆ ಬರೆದಿದ್ದೆ. ಮಕ್ಕಳ ಬಾಯಲ್ಲಿ ಅವಳು ಬಣ್ಣದ ಅಕ್ಕ. ಅಧಿಕಾರಿಗಳ ಬಾಗಿಲು ಕಾದು ಕಾದು, ಅವಳು ಒಂದು ಅನುಮತಿ ಪಡೆದಿದ್ದಾಳೆ: ನಡುವೆ ಜಾಲರಿಯಿಲ್ಲದ ಕೋಣೆ, ಅರ್ಧ ಗಂಟೆ, ಮಕ್ಕಳು ತಂದೆಯ ತೊಡೆಯ ಮೇಲೆ ಕೂರಬಹುದು. ಹದಿನೆಂಟರಂದು ನಿನ್ನ ಸರದಿ. ಇಪ್ಪತ್ತಕ್ಕೆ ನಿನ್ನನ್ನು ಎರಡು ಹಗಲಿನ ಪ್ರಯಾಣದಷ್ಟು ದೂರದ ಸೆರೆಮನೆಗೆ ಕಳುಹಿಸುತ್ತಾರಂತೆ. ಆ ಮೇಲೆ ಈ ಮುದುಕ ಮಗುವಿನ ಕೈ ಹಿಡಿದುಕೊಂಡು ಎಷ್ಟು ಸಲ ಅಲ್ಲಿಗೆ ಬಂದಾನು?

ನಿನ್ನ ಮಗಳು ಬರಲೊಲ್ಲೆ ಎನ್ನುತ್ತಾಳೆ, ಮಗನೇ. ಜ್ವರ, ಪರೀಕ್ಷೆ, ಕಾಲು ಉಳುಕು ಎಂದು ಜಾಲರಿಯಾಚೆಯಿಂದ ನಿನಗೆ ಹೇಳುತ್ತ ಬಂದದ್ದೆಲ್ಲ ನಾನು ಹೆಣೆದ ಸುಳ್ಳು. ಈ ಹನ್ನೊಂದು ತಿಂಗಳಲ್ಲಿ ಅವಳಿಗೆ ಒಂದು ದಿನವೂ ಮೈ ಬಿಸಿಯಾಗಿಲ್ಲ.

ಇಸ್ತ್ರಿ ಅಂಗಡಿ ಇಟ್ಟಿರುವ ಎದುರುಮನೆಯಾಕೆಯೂ ಪ್ರಯತ್ನಿಸಿ ನೋಡಿದಳು. "ಹೋಗೇ ಮರಿ, ನಿನ್ನ ಹೊಸ ಲಂಗಕ್ಕೆ ನಾನೇ ಇಸ್ತ್ರಿ ಹಾಕ್ಕೊಡ್ತೀನಿ. ಒಂದೇ ಒಂದು ಸುಕ್ಕು ಕಂಡ್ರೆ ಇಸ್ತ್ರಿಪೆಟ್ಟಿಗೇನ ನಿಮ್ಮ ತಾತನ ತಲೆ ಮೇಲೆ ಹಾಕು."

"ತಾತನ ತಲೆ ಯಾಕೆ? ನಿಮ್ಮದೇ ಇದೆಯಲ್ಲ!" ಎಂದಳು ನಿನ್ನ ಮಗಳು. ಇಬ್ಬರೂ ನಕ್ಕೆವು. ಅವಳೂ ನಕ್ಕಳು. ನಗು ಆರುವ ಮೊದಲೇ, "ಆದ್ರೂ ನಾನು ಬರಲ್ಲ" ಎಂದು ಒಳಗೆ ನಡೆದಳು.

ನಿನ್ನೆ ದಾರ ಹುಡುಕುತ್ತಿದ್ದಾಗ, ಪುಸ್ತಕ ಒತ್ತುವ ಹಲಗೆಗಳ ಅಡಿಯಲ್ಲಿ ಅಂಗೈಯಗಲದ ಒಂದು ಪುಸ್ತಕ ಸಿಕ್ಕಿತು. ಬೆನ್ನಿಗೆ ನನ್ನದೇ ನೀಲಿ ಬಟ್ಟೆ, ಹೊಲಿಗೆ ಅಚ್ಚುಕಟ್ಟು. ಒಳಗಿದ್ದವು ನೀನು ಅವಳಿಗೆ ಬರೆದ ಹನ್ನೊಂದು ಕಾಗದಗಳು, ಲಕೋಟೆ ಸಮೇತ. ಶಾಲೆಯಲ್ಲಿ ಓದಿಕೊಳ್ಳುತ್ತೇನೆಂದು ಪ್ರತಿ ಸಲವೂ ಚೀಲಕ್ಕೆ ಹಾಕಿಕೊಳ್ಳುತ್ತಿದ್ದಳು. ಸೆರೆಮನೆಯವರು ತೆರೆದು ನೋಡಿ ಮತ್ತೆ ಅಂಟಿಸಿದ ಪಟ್ಟಿ ಒಂದರದ್ದೂ ಹರಿದಿರಲಿಲ್ಲ.

"ಓದಿಲ್ವಾ ಮಗು?"

"ಇಲ್ಲ."

"ಯಾಕೆ?"

"ಬೈದಿರ್ತಾರೆ."

"ಹಾಗಾದ್ರೆ ಹೊಲಿದಿಟ್ಕೊಂಡಿದ್ದು ಯಾಕಮ್ಮ?"

"ಕಳೆದುಹೋದ್ರೆ ಅಪ್ಪಂದು ಅಂತ ಬೇರೆ ಏನೂ ಇಲ್ವಲ್ಲ ತಾತ."

ಇಂದು ಅವಳನ್ನು ಶಾಲೆಗೆ ಬಿಟ್ಟು, ಬಣ್ಣದ ಅಕ್ಕನ ಬಳಿಗೆ ಹೋಗಿ ಎಲ್ಲವನ್ನೂ ಹೇಳಿದೆ. ಎಲ್ಲವನ್ನೂ ಎಂದೆ, ಒಂದನ್ನು ಬಿಟ್ಟು. ಆ ಸಂಜೆಯ ಕಥೆ ನಿನಗೆ ಗೊತ್ತಿರುವುದೇ. ಶಾಲೆಯ ಮಕ್ಕಳನ್ನು ಇಳಿಸಿ ಖಾಲಿ ವ್ಯಾನು ತರುತ್ತಿದ್ದ ನೀನು ಸೈಕಲ್ಲಿನವನೊಬ್ಬನಿಗೆ ಗುದ್ದಿ, ನಿಲ್ಲದೆ ಬಂದು, ಅಟ್ಟದಲ್ಲಿ ಕಾಗದದ ಹೊರೆಗಳ ಹಿಂದೆ ಅಡಗಿ ಕುಳಿತೆ. ಅವನು ಉಳಿಯಲಿಲ್ಲ. ಪೊಲೀಸರು ಬಂದು "ಅಪ್ಪ ಎಲ್ಲಿ ಪುಟ್ಟಿ?" ಎಂದಾಗ ಅವಳು ಏಣಿಯತ್ತ ಬೆರಳು ತೋರಿದಳು. ಹೊರಡುವಾಗ ನೀನು ಅವಳನ್ನೊಮ್ಮೆ ತಿರುಗಿ ನೋಡಿದೆ. ಪ್ರೀತಿಯಿಂದಲೇ ನೋಡಿದ್ದೀಯೆ, ನಾನು ಬಲ್ಲೆ. ಆ ನೋಟವನ್ನು ಅವಳು ಬೇರೆಯಾಗಿ ತಿಳಿದಳು.

ಅಕ್ಕ ಹೇಳಿದಳು: "ತಾತ, ಅಪ್ಪನ್ನ ನಾನೇ ಹಿಡಿದುಕೊಟ್ಟೆ ಅಂತ ಆ ಮಗು ಅಂದುಕೊಂಡಿದೆ. ದಯವಿಟ್ಟು ಎಳ್ಕೊಂಡು ಬರಬೇಡಿ. ಆ ಭಾರ ಇಳಿಸಿ, ಅವಳಾಗೇ ಓಡಿ ಬರ್ತಾಳೆ."

ಇಳಿಸುವುದು ಹೇಗೆಂದು ನನಗೆ ಗೊತ್ತು. ಅದೇ ನನ್ನ ಸಂಕಟ.

ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಶಿಕ್ಷೆಯ ದಿನಗಳು ಸವೆಯಲಿ, ನೀನು ಸವೆಯದಿರು. ನಿನ್ನ ಹೆಂಡತಿಯೂ ನಿನ್ನ ತಾಯಿಯೂ ಇದ್ದಿದ್ದರೆ ಬಯಸುತ್ತಿದ್ದ ಒಳಿತೆಲ್ಲ, ನನ್ನ ಪಾಲಿನದೂ ಸೇರಿ, ನಿನಗಾಗಲಿ.

ಇಂತು,
ನಿನ್ನ ಅಪ್ಪ

ಮರೆತು ಬಿಟ್ಟ ಮಾತಲ್ಲ ಇದು. ಮೇಲೆ ಬರೆಯಲು ಧೈರ್ಯ ಸಾಲದೆ ಇಲ್ಲಿಗೆ ಉಳಿದದ್ದು. ಪೊಲೀಸರಿಗೆ ತಿಳಿಸಿದವನು ನಾನು. ನೀನು ಅಟ್ಟ ಹತ್ತಿದ ಮೇಲೆ ಎದುರುಮನೆಯಿಂದ ಠಾಣೆಗೆ ದೂರವಾಣಿ ಮಾಡಿ, ಎಲ್ಲಿ ಕುಳಿತಿದ್ದೀಯೆಂಬುದನ್ನೂ ಹೇಳಿದೆ. ಅವರು ಮಗುವನ್ನು ಕೇಳಿದ್ದು ಬರಿಯ ಮಾತಿಗೆ. ಬೀದಿಯಲ್ಲಿ ಬಿದ್ದವನ ಮನೆಯವರು ಅವನ ದಾರಿ ಕಾಯುತ್ತಿರುವಾಗ, ನಿನ್ನನ್ನು ಬಚ್ಚಿಟ್ಟುಕೊಂಡು ಊಟಕ್ಕೆ ಕೂರಲು ನನ್ನಿಂದಾಗಲಿಲ್ಲ. ಅದಕ್ಕೆ ನಿನ್ನ ಕ್ಷಮೆ ಕೇಳುತ್ತಿಲ್ಲ. ಕೇಳುವುದು ಇದಕ್ಕೆ: ನಿನ್ನನ್ನು ಒಯ್ದ ಮೂರನೆಯ ದಿನ ಅವಳು, "ನಾನು ತೋರಿಸದೇ ಇದ್ದಿದ್ರೆ ಅಪ್ಪ ಮನೇಲೇ ಇರ್ತಿದ್ರು ಅಲ್ವಾ ತಾತ?" ಎಂದು ಕೇಳಿದಳು. ಒಂದು ಮಾತು ಸಾಕಿತ್ತು. ನಾನು, "ಹಾಲು ಕುಡಿ ಮಗು, ಆರಿಹೋಗತ್ತೆ" ಎಂದೆ. ಅವಳಿಗೆ ನನ್ನ ಮನೆಯಲ್ಲದೆ ಬೇರೆ ಮನೆಯಿಲ್ಲ. ನನಗೆ ಅವಳಲ್ಲದೆ ಬೇರೆ ಯಾರೂ ಇಲ್ಲ. ಅವಳು ನನ್ನ ಮುಖ ನೋಡದೆ ಹೋದಾಳೆಂಬ ಹೆದರಿಕೆಗೆ, ನನ್ನ ಹೊರೆಯನ್ನು ಹನ್ನೊಂದು ತಿಂಗಳು ಆ ಮಗುವಿನ ಮೇಲೆ ಹೊರಿಸಿದೆ.

ನಾಲ್ಕು ಗಂಟೆಗೆ ಶಾಲೆ ಬಿಡುತ್ತದೆ. ಹಿಂದೆ ಸರಿಯಲು ದಾರಿಯುಳಿಯಬಾರದೆಂದು ಅದಕ್ಕೆ ಮೊದಲೇ ಇದನ್ನು ಅಂಚೆಗೆ ಹಾಕುತ್ತೇನೆ. ಹದಿನೆಂಟರಂದು ಅವಳು ಬಂದರೆ, ನಾನು ಹೇಳಿದ್ದೇನೆಂದು ತಿಳಿ. ಬಾರದಿದ್ದರೆ, ನನ್ನ ಬಾಯಿ ಮತ್ತೆ ಹಾಲಿನ ಲೋಟದ ಹಿಂದೆ ಅಡಗಿತೆಂದು ತಿಳಿ. ಆಗ ನಿನ್ನ ಹನ್ನೆರಡನೆಯ ಕಾಗದವನ್ನು ಅವಳಿಗೆ ಬರೆಯಬೇಡ, ಅದನ್ನೂ ಹೊಲಿದಿಡುತ್ತಾಳೆ. ಬಣ್ಣದ ಅಕ್ಕನಿಗೆ ಬರೆ. ಮೊದಲು ಬೆರಳು ತೋರಿದ್ದು ತಾತನೆಂದು ಅವಳಾದರೂ ಹೇಳಲಿ.