ಬಿಟ್ಟುಕೊಟ್ಟ ಆನರ್ಸ್ ಸೀಟು

ಏಪ್ರಿಲ್ 9, ಬೆಳಿಗ್ಗೆ
ಅಪ್ಪನ ಸೆಲೂನ್ ಗುಡಿಸಿದೆ. ಟವೆಲ್ ಒಗೆದು ಹರವಿದ್ದಾಯಿತು. ಕನ್ನಡಿ ಒರೆಸುವುದು ಬಾಕಿ — ಅಷ್ಟರಲ್ಲಿ ಯೂನಿವರ್ಸಿಟಿಯ ಮೇಲ್. ಗಣಿತ ಆನರ್ಸ್‌ಗೆ ಆಯ್ಕೆ! ಮೆರಿಟ್ ಸ್ಕಾಲರ್‌ಶಿಪ್, ಅರ್ಧ ಫೀಸಿಗೆ. ಅಪ್ಪ ಕತ್ತರಿ ಕೈಯಲ್ಲೇ ಹಿಡಿದು ಬೀದಿಗೆ ಓಡಿ ಎದುರಂಗಡಿಯವರಿಗೆಲ್ಲ ಹೇಳಿಬಂದರು. ಕುರ್ಚಿಯಲ್ಲಿದ್ದ ಗಿರಾಕಿ, "ಫೀಸೂ ಅರ್ಧ, ನನ್ನ ತಲೇನೂ ಅರ್ಧ. ಇವತ್ತೆಲ್ಲಾ ಅರ್ಧಾನೇನಮ್ಮಾ?" ಅಂದ.

ಏಪ್ರಿಲ್ 12
ನಮ್ಮೂರ ಕಾಲೇಜಿನಿಂದಲೂ ಬಂತು. ಪೂರ್ತಿ ಫೀಸು ಮಾಫಿ. ಗಣಿತವೇ, ಆದರೆ ಆನರ್ಸ್ ಇಲ್ಲ, ಬರೀ ಡಿಗ್ರಿ. ಆಸ್ಪತ್ರೆಯ ಲಾಂಡ್ರಿಯಿಂದ ಬಂದ ಅಮ್ಮ ಚಪ್ಪಲಿ ಬಿಡುವ ಮುಂಚೆಯೇ, "ಇದೇ ಸಾಕಲ್ವೇನೇ? ಮನೇಲೇ ಇರ್ತೀಯ" ಅಂದಳು.
ಮೀಸೆ ಮೇಷ್ಟ್ರು ಒಪ್ಪಲಿಲ್ಲ. ಹೈಸ್ಕೂಲಿನಲ್ಲಿ ನನಗೆ ಗಣಿತದ ಹುಚ್ಚು ಹಿಡಿಸಿದವರೇ ಅವರು. ಅಪ್ಪನ ಖಾಯಂ ಗಿರಾಕಿ. ಸೋಪಿನ ನೊರೆಯೊಳಗಿಂದಲೇ, "ಅಲ್ಲಿ ಯೋಚನೆ ಮಾಡೋದು ಕಲಿಸ್ತಾರೆ ಮಗೂ. ಇಲ್ಲಿ ಪುಸ್ತಕ ಓದಿ ಹೇಳ್ತಾರೆ, ಅಷ್ಟೆ" ಅಂದರು.

ಏಪ್ರಿಲ್ 15
ಆನರ್ಸ್ ಓದುತ್ತಿರುವ ಒಬ್ಬ ಅಕ್ಕನಿಗೆ ಫೋನ್ ಮಾಡಿದ್ದೆ. ಒಂದು ಸೆಮಿಸ್ಟರ್ ಗ್ರೇಡ್ ಇಳಿದರೂ ಸ್ಕಾಲರ್‌ಶಿಪ್ ಹೋಯಿತಂತೆ. "ಹಾಗೆ ಕಳ್ಕೊಂಡೋರು ತುಂಬಾ ಜನ. ಆದ್ರೂ ಬಾ. ಇಂಥಾ ಜಾಗ ಇನ್ನೆಲ್ಲೂ ಸಿಗಲ್ಲ." ಹೋಗಿಯೇ ಹೋಗುತ್ತೇನೆ.

ಏಪ್ರಿಲ್ 20
ಅಪ್ಪನ ಕೈ ನಡುಗಿತು. ಮೇಷ್ಟ್ರ ಕೆನ್ನೆ ಕುಯ್ದು ರಕ್ತ. "ಏನಿಲ್ಲ ಬಿಡಿ, ನಾನೇ ಅಲ್ಲಾಡಿದೆ" ಅಂದರು ಮೇಷ್ಟ್ರು. ಅಲ್ಲಾಡಿರಲಿಲ್ಲ. ಕನ್ನಡಿಯಲ್ಲಿ ನೋಡುತ್ತಿದ್ದೆ.

ಏಪ್ರಿಲ್ 24
ಡಾಕ್ಟರ್ ಹತ್ತಿರ ಹೋಗಿದ್ದೆವು. ವಾಸಿಯಾಗುವಂಥದ್ದಲ್ಲವಂತೆ. ಮಾತ್ರೆಯಿಂದ ಸ್ವಲ್ಪ ಹಿಡಿತಕ್ಕೆ ಬರಬಹುದು... ಸ್ವಲ್ಪ. ಅಪ್ಪನಿಗೆ ಚಳಿಗಾಲದಲ್ಲೇ ಗೊತ್ತಾಗಿತ್ತು. "ಇವಳು ಹೊರಡೋ ತನಕ ತಡೀಲಿ ಅಂದ್ಕೊಂಡಿದ್ದೆ" ಅಂದರು, ಅಮ್ಮನಿಗೆ. ನನ್ನ ಮುಖ ನೋಡಲಿಲ್ಲ.

ಮೇ 2
ಆನರ್ಸ್ ಬೇಡವೆಂದು ತಿಳಿಸಿಬಿಟ್ಟೆ. ಉಳಿದರ್ಧ ಫೀಸು, ಹಾಸ್ಟೆಲ್ — ಅಮ್ಮನ ಒಂದು ಸಂಬಳದಲ್ಲಿ ಆಗುವ ಮಾತಲ್ಲ.
ಅಪ್ಪ ತಟ್ಟೆ ಮುಂದಿಟ್ಟುಕೊಂಡು ಮುಟ್ಟಲಿಲ್ಲ. "ನನ್ನ ಕೈ ಹೋಯ್ತು ಅಂತ ನಿನ್ನ ಕಾಲೂ ಕಟ್ಟಿಹಾಕ್ಬೇಕಾ?"
"ಗಣಿತ ಎಲ್ಲಿ ಓದಿದ್ರೂ ಗಣಿತಾನೇ ಅಪ್ಪಾ."
ಹೇಳುವಾಗ ನಾನೂ ನಂಬಿದೆ.

ಜೂನ್ 17
ಕಾಲೇಜಿಗೆ ಸೇರಲು ಹೋದೆ. ಕೌಂಟರಿನ ಕ್ಲರ್ಕ್ ತಲೆ ಎತ್ತಲೇ ಇಲ್ಲ. "ಗಣಿತ ಈ ವರ್ಷ ನಡೆಸಲ್ಲಮ್ಮ. ಜನಾನೇ ಇಲ್ಲ. ಕಾಮರ್ಸ್‌ಗೆ ಹಾಕ್ತೀನಿ, ಸ್ಕಾಲರ್‌ಶಿಪ್ ಹಾಗೇ ಇರುತ್ತೆ. ಆಗ್ಬಹುದಾ?"
ಹೊರಗೆ ನಿಂತು ಯೂನಿವರ್ಸಿಟಿಗೆ ಫೋನ್. ಸೀಟು ವೇಟಿಂಗ್ ಲಿಸ್ಟ್‌ನವರಿಗೆ ಹೋಗಿದೆ. ಮುಂದಿನ ವರ್ಷ? ಅದೇ ವರ್ಷ ಪಿಯುಸಿ ಪಾಸಾದವರಿಗೆ ಮಾತ್ರವಂತೆ.
ಒಳಗೆ ಬಂದು ಸಹಿ ಹಾಕಿದೆ.
ಅಮ್ಮ ಕೇಳಿ ಕೈಯಲ್ಲಿದ್ದ ಟವೆಲ್ ಮಡಚಿಟ್ಟಳು. ಆಮೇಲೆ, "ಅಪ್ಪಂಗೆ ಹೇಳ್ಬೇಡ ಕಣೇ" ಅಂದಳು.

ಜುಲೈ 3
ಮೊದಲ ಕ್ಲಾಸು. ಡೆಬಿಟ್, ಕ್ರೆಡಿಟ್.
ಸೆಲೂನಿಗೆ ಈಗ ಯಾರೂ ಬರುವುದಿಲ್ಲ. ಮೇಷ್ಟ್ರು ಮಾತ್ರ ಗಡ್ಡ ಬಿಟ್ಟುಕೊಂಡು ಬಂದು, ಪೇಪರ್ ಓದಿ ಹೋಗುತ್ತಾರೆ. ಬೇರೆ ಕಡೆ ಶೇವ್ ಮಾಡಿಸಲು ಮನಸ್ಸಿಲ್ಲವೇನೋ.
ಅಪ್ಪ ಬಾಗಿಲಲ್ಲೇ ಕಾಯುತ್ತಿದ್ದರು. "ಏನ್ ಕಲಿಸಿದ್ರು?"
"ಗಣಿತ."
"ಗಣಿತದಲ್ಲಿ ಏನು? ನಂಗೂ ಹೇಳು."
ಬಾಯಿಗೆ ಬಂದದ್ದು ಹೇಳಿದೆ. ಅವಿಭಾಜ್ಯ ಸಂಖ್ಯೆಗಳಿಗೆ ಕೊನೆಯೇ ಇಲ್ಲ ಅಂತ.
"ಕೊನೇನೇ ಇಲ್ವಾ?" ಅಪ್ಪ ನಕ್ಕರು. ನಕ್ಕು ಎಷ್ಟು ಕಾಲವಾಗಿತ್ತು! "ನಾಳೆ ಇನ್ನೊಂದು ಹೇಳ್ಬೇಕು, ಆಯ್ತಾ?"

ಜುಲೈ 4, ಸಂಜೆ
ಬಸ್ಸಿನಲ್ಲಿ ಒಂದು ಪ್ರಮೇಯ ನೆನಪು ಮಾಡಿಕೊಂಡು ಬಂದೆ, ವೃತ್ತದ್ದು. ಇವತ್ತಿಗೆ ಸಾಕು. ನನಗೆ ಗೊತ್ತಿರುವುದು ಇನ್ನೆಷ್ಟು ದಿನಕ್ಕೆ... ಮೂರು ವರ್ಷ ದಿನವೂ ಎಲ್ಲಿಂದ ತರಲಿ? ಅಪ್ಪ ಕರೆಯುತ್ತಿದ್ದಾರೆ. ಪಕ್ಕದ ಕುರ್ಚಿ ಎಳೆದ ಸದ್ದು. ನಾಳೆಗೆ —