ನೆಬೋ ಬೆಟ್ಟದಲ್ಲಿ ನಾನು ಹಾಕಿದ ಸಹಿ

ನೆಬೋ ಬೆಟ್ಟ, ಫೆಬ್ರುವರಿ 30, 2419

ನನ್ನ ಮೊಮ್ಮಗಳು ಕ್ಷಮಾಳ ಮುಂದಿನ ಪೀಳಿಗೆಯವರಿಗೆ,

ನಮ್ಮ ಕಾಲದಲ್ಲಿ ಎಲ್ಲ ತಿಂಗಳಿಗೂ ಮೂವತ್ತು ದಿನ. ನನ್ನ ಕನ್ನಡ ನಿಮಗೆ ವಿಚಿತ್ರವೆನಿಸಿದರೆ ಮನ್ನಿಸಿ. ಗದಗಿನಿಂದ ಇಲ್ಲಿಗೆ ಬಂದು ನೆಲೆಸಿದವರ ಮೂರನೆಯ ತಲೆಮಾರಿನವಳು ನಾನು, ಕೃಪಾವತಿ. ವೃತ್ತಿಯಲ್ಲಿ ಎಲುಬೋದುಗಿ, ಅಂದರೆ ಮಣ್ಣಿನಲ್ಲಿ ಸಿಕ್ಕ ಎಲುಬು ನೋಡಿ ಅದು ಎಂಥವರದೆಂದು ಹೇಳುವವಳು.

ದೇವರು ಮಾತುಕೊಟ್ಟ ನಾಡನ್ನು ಪ್ರವಾದಿ ಮೋಶೆ ಕಂಡದ್ದು ಈ ಬೆಟ್ಟದ ತುದಿಯಿಂದಲೇ. ಒಳಗೆ ಕಾಲಿಡಲು ಅಪ್ಪಣೆಯಿಲ್ಲದೆ ಇಲ್ಲೇ ತೀರಿಕೊಂಡ. ಅವನ ಸಮಾಧಿ ಯಾರಿಗೂ ತಿಳಿಯದು ಎನ್ನುತ್ತದೆ ಬೈಬಲ್. ಹಾಗೆ ತಿಳಿಯದೆ ಉಳಿದದ್ದರಿಂದಲೇ ಯಾರೂ ಬೆಟ್ಟ ತಮ್ಮದೆನ್ನಲಿಲ್ಲ. ಬಂದವರು ಪಶ್ಚಿಮಕ್ಕೆ ಮುಖಮಾಡಿ ನಿಂತು, ಸುಮ್ಮನೆ ಇಳಿದುಹೋಗುತ್ತಿದ್ದರು. ಇಳಿಜಾರಿನಲ್ಲಿ ಉಮ್ ನಾಯಿಫ್ ಎಂಬ ಮುದುಕಿಯ ಬುಡಕಟ್ಟು ಆಡು ಮೇಯಿಸುತ್ತಿತ್ತು. ಮಂಜಿನಿಂದ ನೀರು ಹಿಡಿಯುವ ಮಂಜುಬಲೆಗಳೇ ನಮಗೆಲ್ಲ ಆಧಾರ. ಮೂರು ವರ್ಷ ಮಂಜು ಬೀಳಲಿಲ್ಲ. ಆಡುಗಳು ಒಣಬಲೆಯನ್ನು ನೆಕ್ಕುತ್ತ ನಿಂತಿರುತ್ತಿದ್ದವು.

ಆಗ ರಸ್ತೆ ಅಗೆಯುವಾಗ ಒಂದು ಗೋರಿ ಸಿಕ್ಕಿತು. ಯಾತ್ರಾ ಮಂಡಳಿಯ ಪ್ರಭುದಾಸ, ನಮ್ಮ ಗದಗಿನ ಕಡೆಯವನೇ, ಕಾಗದ ಹಿಡಿದು ಬಂದ.

"ಇದು ಮೋಶೆದ ಅಂತ ಒಂದ್ ಸಹಿ ಹಾಕ್ರಿ ಅಕ್ಕಾರ. ಯಾತ್ರಿಕರು ಬರ್ತಾರ, ಬೆಟ್ಟಕ್ಕ ಕೊಳವಿ ನೀರ ಬರತೈತಿ."

"ಇದು ಹೆಂಗಸಿನ ಎಲುಬೋ ತಮ್ಮಾ. ನಲವತ್ತೂ ದಾಟಿಲ್ಲ."

"ಅದು ನಿಮಗಷ್ಟ ಗೊತ್ತು."

ಸಹಿ ಹಾಕಿದೆ.

ನೀರು ಬಂತು, ಯಾತ್ರಿಕರ ಛತ್ರಗಳಿಗೆ. ಸಮಾಧಿ ತಮ್ಮದೆಂದು ಪಂಗಡ ಪಂಗಡಗಳು ಹೊಡೆದಾಡಿ ಹನ್ನೊಂದು ಜನ ಸತ್ತರು. ಆಮೇಲೆ ಬೆಟ್ಟದ ಸುತ್ತ ಬೇಲಿ ಹಾಕಿ, ಆಡು ಮೇಯಿಸುವವರನ್ನು ಹೊರಗಟ್ಟಿದರು. ತಮ್ಮ ಗುಡಾರ ಕಿತ್ತ ದಿನ ಉಮ್ ನಾಯಿಫ್ ನನ್ನ ಬಾಗಿಲಿಗೆ ಬಂದಳು. ನಮ್ಮವರಿಂದ ಕಲಿತ ಅರೆಬರೆ ಕನ್ನಡದಲ್ಲಿ ಕೇಳಿದಳು:

"ದೇವರು ಮುಚ್ಚಿಟ್ಟಿದ್ದು ನಿನಗ ಹೆಂಗ ಸಿಕ್ತು?"

"ಸಿಕ್ಕಿಲ್ಲವ್ವಾ. ಅಲ್ಲಿರಾಕಿ ಯಾರೋ ಹೆಂಗಸು."

 ಬೈಯುತ್ತಾಳೆಂದುಕೊಂಡೆ.

"ಹಂಗಾರ ನಮ್ಮಾಕಿ ಇರಬೇಕು," ಎಂದಳು. "ನಾವು ಹೊಂಟೀವಿ. ಆಕೀನೂ ಕರ್ಕೊಂಡ್ ಹೋಗ್ಲಾ?"

ಗೋರಿಗೆ ಆಗಲೇ ಗಾಜು ಹಾಕಿ ಬೀಗ ಜಡಿದಿದ್ದರು. ನಾನು ಮಂಡಳಿಯ ಮುಂದೆ ನಿಜ ಹೇಳಿದೆ. ವಯಸ್ಸಾಗಿದೆ ಎಂದು ಮನೆಗೆ ಕಳಿಸಿದರು.

ನಿಮ್ಮ ಕಾಲಕ್ಕೆ ಆ ಬೇಲಿ ಬಿದ್ದಿದ್ದರೆ, ಗಾಜು ತೆಗೆಸಿ. ಉಮ್ ನಾಯಿಫಳ ಜನ ಪೂರ್ವಕ್ಕೆ, ಮರಳಿನ ಕಡೆ ಹೋದರು. ಹುಡುಕಿ, ಆ ಹೆಂಗಸನ್ನು ಅವರಿಗೆ ಒಪ್ಪಿಸಿ. ಸಹಿ ಹಾಕಿದವಳು ಯಾರೆಂದು ಅವರು ಕೇಳಿದರೆ ನನ್ನ ಹೆಸರನ್ನೇ ಹೇಳಿ.